ರಕ್ತದಾನಿಗಳ ಸಿಫಿಲಿಸ್ ಪರೀಕ್ಷೆ: ಆರ್‌ಪಿಆರ್ ಬಿಟ್ಟು ಎಲೈಸಾಕ್ಕೆ ಹೋಗಬೇಕೇ?

ಪರ: ದಣಿದ ಕಣ್ಣಿಗೆ ರಕ್ತವನ್ನು ಒಪ್ಪಿಸಬಾರದು

ಕಾರ್ಡಿನ ಮೇಲೆ ಸೀರಂ ಹನಿಸಿ, ಇದ್ದಿಲ ಕಣಗಳಿರುವ ದ್ರಾವಣ ಸೇರಿಸಿ, 8 ನಿಮಿಷ ತಿರುಗಿಸಿ, ಕಪ್ಪು ಕಣಗಳು ಗಂಟುಕಟ್ಟಿವೆಯೇ ಎಂದು ಬರಿಗಣ್ಣಿನಿಂದ ನೋಡುವುದು ಆರ್‌ಪಿಆರ್. ರಕ್ತನಿಧಿಯೊಂದರಲ್ಲಿ 11 ವರ್ಷ ನಾನು ಮಾಡಿದ್ದು ಇದನ್ನೇ. ಒಮ್ಮೆ ದೊಡ್ಡ ಶಿಬಿರದ ಮಾದರಿಗಳು ಕೈಸೇರುವಾಗ ಸಂಜೆಯಾಗಿತ್ತು. ಕೊನೆಯ ಕಾರ್ಡುಗಳ ಹೊತ್ತಿಗೆ ಕಣ್ಣು ಸೋತಿತ್ತು. ಒಂದು ವೃತ್ತದಲ್ಲಿ ಏನೂ ಕಾಣದೆ 'ನಾನ್‌ರಿಯಾಕ್ಟಿವ್', ಅಂದರೆ ಸೋಂಕಿನ ಸುಳಿವಿಲ್ಲ ಎಂದು ಬರೆದೆ. ಪಕ್ಕದಲ್ಲಿದ್ದ ಹಿರಿಯ ಸಹೋದ್ಯೋಗಿ ಕಾರ್ಡನ್ನು ದೀಪದ ಕೆಳಗೆ ಓರೆಯಾಗಿ ಹಿಡಿದು, ಅಂಚಿನಲ್ಲಿದ್ದ ಸಣ್ಣ ಗಂಟುಗಳನ್ನು ತೋರಿಸಿದರು. ಸಿಫಿಲಿಸ್ ಖಚಿತಪಡಿಸುವ ಟಿಪಿಎಚ್‌ಎ ಪರೀಕ್ಷೆಯೂ ಪಾಸಿಟಿವ್ ಬಂತು. ಅವರು ಅಂದು ರಜೆಯಲ್ಲಿದ್ದಿದ್ದರೆ? ಆ ಚೀಲ ಯಾರ ಮೈ ಸೇರುತ್ತಿತ್ತು ಎಂದು ನೆನೆದರೆ ಇಂದಿಗೂ ಎದೆ ನಡುಗುತ್ತದೆ.

ಎಲೈಸಾದಲ್ಲಿ ಬಣ್ಣವನ್ನು ಯಂತ್ರ ಅಳೆಯುತ್ತದೆ, ಸಂಖ್ಯೆ ಕೊಡುತ್ತದೆ. ಸಂಖ್ಯೆಗೆ ದಣಿವಿಲ್ಲ. ಅದು ಹುಡುಕುವುದು ಸಿಫಿಲಿಸ್ ತರುವ ಬ್ಯಾಕ್ಟೀರಿಯಾ ಟ್ರೆಪೊನಿಮಾ ಪ್ಯಾಲಿಡಂ ವಿರುದ್ಧದ ಪ್ರತಿಕಾಯಗಳನ್ನು. ಆರ್‌ಪಿಆರ್ ಹುಡುಕುವುದು ಕಾರ್ಡಿಯೋಲಿಪಿನ್ ಎಂಬ ಕೊಬ್ಬಿನ ಅಂಶದ ವಿರುದ್ಧದವನ್ನು. ಅವು ಲೂಪಸ್, ಕುಷ್ಠ, ಮಲೇರಿಯಾ ಇದ್ದವರಲ್ಲೂ, ಕೆಲವು ಗರ್ಭಿಣಿಯರಲ್ಲೂ ಮೂಡುತ್ತವೆ. ಇಲ್ಲದ ರೋಗವನ್ನು ಹೀಗೆ ತೋರಿಸುವ ಪರೀಕ್ಷೆ, ಸೋಂಕಿನ ಆರಂಭದಲ್ಲಿಯೂ ಹಳೆಯ ಸುಪ್ತ ಹಂತದಲ್ಲಿಯೂ ಇರುವ ರೋಗವನ್ನು ಬಿಟ್ಟುಬಿಡಬಹುದು. ಪ್ರತಿಕಾಯ ಅತಿಯಾದಾಗಲೂ ಗಂಟು ಕಟ್ಟದೆ ಮೋಸವಾಗುತ್ತದೆ. ಗುಣವಾದವರೂ ಎಲೈಸಾದಲ್ಲಿ ಸಿಕ್ಕಿಬೀಳುತ್ತಾರೆ ಎಂದು ಚೀಲಗಳ ಲೆಕ್ಕ ಇಡುವವರು ಗೊಣಗುತ್ತಾರೆ. ಹಾಸಿಗೆಯಲ್ಲಿ ಮಲಗಿ ರಕ್ತ ಪಡೆಯುವವರ ಲೆಕ್ಕವನ್ನು ಅವರು ಮೊದಲು ಇಡಲಿ.

ವಿರೋಧ: ಹಳೆಯ ಗಾಯವನ್ನು ರೋಗವೆನ್ನಬಾರದು

ಎಲೈಸಾ ಹೆಚ್ಚು ಸೂಕ್ಷ್ಮ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಅನುಕೂಲವಿರುವ ಕಡೆ ನಾನೂ ಅದನ್ನೇ ಆರಿಸಿಕೊಂಡೇನು. ಆದರೂ ಆರ್‌ಪಿಆರ್ ಪರವಾಗಿ ಹೇಳಬೇಕಾದ ಮಾತೊಂದಿದೆ. ಎಲೈಸಾ ಹಿಡಿಯುವ ಪ್ರತಿಕಾಯಗಳು ಚಿಕಿತ್ಸೆಯ ನಂತರವೂ ಹೆಚ್ಚಿನವರಲ್ಲಿ ಜೀವನವಿಡೀ ಉಳಿಯುತ್ತವೆ. ಎಂದೋ ಪೆನಿಸಿಲಿನ್ ಪಡೆದು ಪೂರ್ಣ ಗುಣವಾದವರೂ ಪಾಸಿಟಿವ್ ಆಗುತ್ತಾರೆ. ಆರ್‌ಪಿಆರ್ ಟೈಟರ್, ಅಂದರೆ ಅದು ಹಿಡಿಯುವ ಪ್ರತಿಕಾಯಗಳ ಮಟ್ಟ, ಚಿಕಿತ್ಸೆಯ ಬಳಿಕ ಇಳಿಯುತ್ತದೆ.

ಶೀತದಲ್ಲಿಟ್ಟ ರಕ್ತದಲ್ಲಿ ಈ ಬ್ಯಾಕ್ಟೀರಿಯಾ ಕೆಲವೇ ದಿನಗಳಲ್ಲಿ ಸಾಯುತ್ತದೆ ಎಂಬುದನ್ನೂ ಮರೆಯಬಾರದು. 20ರಿಂದ 24 ಡಿಗ್ರಿಯಲ್ಲಿಡುವ ಪ್ಲೇಟ್‌ಲೆಟ್‌ಗಳ ವಿಚಾರ ಬೇರೆ; ಅದನ್ನು ಇಲ್ಲಿ ಬಿಡುತ್ತೇನೆ. ಯಂತ್ರ ಬಂದರೆ ತಪ್ಪೇ ಆಗದು ಎಂದು ನಂಬುವವರಿದ್ದಾರೆ. ಕೊಳವೆಗೆ ತಪ್ಪು ಹೆಸರು ಅಂಟಿಸಿದರೆ ಯಂತ್ರವೂ ತಪ್ಪನ್ನೇ ಹೇಳುತ್ತದೆ.

ಎಲೈಸಾ ಪಾಸಿಟಿವ್ ಎಂದು ಕರೆಸಿದ ದಾನಿ ಎದುರು ಕುಳಿತು, 'ಇದು ಹಳೆಯದೋ, ಈಗಿನದೋ?' ಎಂದು ಕೇಳುತ್ತಾರೆ. ಉತ್ತರಕ್ಕಾಗಿ ಅದೇ ಕಾರ್ಡನ್ನು ಮತ್ತೆ ಹೊರತೆಗೆಯಬೇಕಾಗುತ್ತದೆ.