ಒಂಬತ್ತು ನಟ್, ಒಂದು ಹಲಗೆ, ಒಬ್ಬ ಗಂಡ

ಮಕ್ಕಳ ಕ್ರಾಫ್ಟ್ ಪ್ರಾಜೆಕ್ಟ್ ಅಂತಾರಲ್ಲ, ಅದರಲ್ಲಿ ಮಕ್ಕಳ ಪಾಲು ಎಷ್ಟಿರುತ್ತೆ ಹೇಳಿ? ಹೆಸರು ಬರೆಯುವುದು. ಅದೂ ಮೂಲೆಯಲ್ಲಿ, ಸೊಟ್ಟಗೆ. ಬಾಕಿ ಎಲ್ಲ ಅಪ್ಪ ಅಮ್ಮನ ತಲೆಗೆ.

ನಾವಿರುವುದು ನ್ಯೂಜೆರ್ಸಿಯಲ್ಲಿ. ಡಿಸೆಂಬರ್ ರಜೆಗೆ ಮುಂಚೆ ಮಗನ ಕ್ಲಾಸಿನಲ್ಲಿ 'ಬೆಳಕಿನ ಹಬ್ಬಗಳು' ಅಂತ ಒಂದು ವಾರ. ಯಾರಿಗೆ ಯಾವ ಹಬ್ಬ ಅಂತ ಚೀಟಿ ಎತ್ತಿದ್ದಾರೆ. ದೀಪಾವಳಿಯನ್ನು ನಿದ್ದೆಗಣ್ಣಲ್ಲೂ ಮಾಡಿ ಮುಗಿಸುವ ನಮ್ಮ ಮನೆಗೆ ಬಂದಿದ್ದು ಯಹೂದಿಗಳ ಹನುಕ್ಕಾ. ಎದುರುಮನೆಯ ಯಹೂದಿ ಹುಡುಗನಿಗೆ ದೀಪಾವಳಿ! ಅದಲು ಬದಲು ಮಾಡಿಕೊಳ್ತೀವಿ ಅಂದರೆ ಟೀಚರ್ ಒಪ್ಪಲಿಲ್ಲ. ಬೇರೆಯವರ ಹಬ್ಬ ತಿಳಿಯಲಿ ಅಂತಲೇ ಚೀಟಿ ಹಾಕಿದ್ದಂತೆ. ಸರಿ, ಮಕ್ಕಳಿಗೆ ತಿಳಿಯಲಿ. ಭಾನುವಾರ ಮಧ್ಯಾಹ್ನ ಕುಕ್ಕರ್‌ನಲ್ಲಿ ಬೇಳೆ ಇಟ್ಟುಕೊಂಡು ನಾನ್ಯಾಕೆ ತಿಳಿಯಬೇಕು?

ಮೆನೋರಾ, ಅಂದರೆ ಯಹೂದಿಗಳ ಕೊಂಬೆಗಳಿರುವ ದೀಪಸ್ತಂಭ ಮಾಡಬೇಕು, ಮನೆಯಲ್ಲಿರುವ ಸಾಮಾನಿನಿಂದಲೇ ಮಾಡಬೇಕು. ಜೆರುಸಲೇಮಿನ ಹಳೆಯ ದೇವಾಲಯದಲ್ಲಿದ್ದ ಮೆನೋರಾಕ್ಕೆ ಏಳು ಕೊಂಬೆ. ಹನುಕ್ಕಾದ್ದಕ್ಕೆ ಒಂಬತ್ತು. ಮಗ ಪ್ರಿಂಟ್ ತೆಗೆದು ತಂದ ಚಿತ್ರದಲ್ಲೂ ಏಳೇ ಇತ್ತು, ನೋಡಿದರೆ ಅದು ಆಫ್ರಿಕನ್ ಅಮೆರಿಕನ್ನರ ಕ್ವಾಂಝಾ ಹಬ್ಬದ ದೀಪ. ಆ ಹಬ್ಬದ ಚೀಟಿ ಬಂದವರಿಗೆ ಅದನ್ನು ದಾನ ಮಾಡಿದೆವು.

ಕ್ರಿಸ್ತಪೂರ್ವ 164ರಲ್ಲಿ ಮಕಾಬಿಗಳು ಅನ್ನುವ ಯಹೂದಿ ಬಂಡುಕೋರರು ಗ್ರೀಕ್ ದೊರೆಯ ಕೈಯಿಂದ ಆ ದೇವಾಲಯ ಬಿಡಿಸಿಕೊಂಡು ದೀಪ ಹಚ್ಚಲು ಹೋದರೆ, ಇದ್ದದ್ದು ಒಂದು ದಿನಕ್ಕಾಗುವಷ್ಟು ಎಣ್ಣೆಯಂತೆ. ಅದೇ ಎಂಟು ದಿನ ಉರಿಯಿತು ಅಂತ ಕಥೆ. ಅದಕ್ಕೇ ಎಂಟು ದೀಪ, ಅವನ್ನು ಹಚ್ಚಲು ಶಮಾಶ್ ಅಂತ ಒಂಬತ್ತನೆಯದು. ಕಥೆ ಕೇಳಿ ಅತ್ತೆ ನನ್ನ ಕಡೆ ನೋಡಿದರು. ಎಣ್ಣೆ ಡಬ್ಬ ಬೇಗ ಖಾಲಿಯಾಗುತ್ತೆ ಅನ್ನುವ ಹಳೆಯ ದೂರು ಆ ನೋಟದಲ್ಲೇ ಇತ್ತು.

ಒಂದು ಮರದ ಹಲಗೆ, ಒಂಬತ್ತು ಕಬ್ಬಿಣದ ನಟ್, ಗ್ಲೂ ಗನ್. ನಟ್ಟಿನ ತೂತಿಗೆ ಸಣ್ಣ ಮೇಣದಬತ್ತಿ ಸಿಕ್ಕಿಸಿದರೆ ಮುಗಿಯಿತು. ಹತ್ತು ನಿಮಿಷದ ಕೆಲಸ. ಅಷ್ಟರಲ್ಲಿ ನಮ್ಮವರು ಬಂದರು.

ಇವರು ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿದ್ದಾರೆ. ನಿಯಮ ಅಂತ ಒಂದಿದ್ದರೆ ಸಾಕು, ಬೇರೆ ಊಟ ಬೇಡ. ಫೋನಿನಲ್ಲಿ ಓದಿಕೊಂಡು ಬಂದು ಹೇಳಿದರು: "ಎಂಟೂ ಒಂದೇ ಸಾಲಿನಲ್ಲಿರಬೇಕು, ಒಂದೇ ಎತ್ತರ ಇರಬೇಕು. ಶಮಾಶ್ ಮಾತ್ರ ಬೇರೆ ಎತ್ತರ." ಸರಿ ಅಂದೆ. ನೆಲಮಾಳಿಗೆಗೆ ಹೋಗಿ ರಸಮಟ್ಟ ತಂದರು. ಗಾರೆಯವರು ಗೋಡೆ ಕಟ್ಟುವಾಗ ಇಡ್ತಾರಲ್ಲ, ಅದೇ. ಹಲಗೆ ಮೇಲೆ ಇಟ್ಟರು. ಗುಳ್ಳೆ ಎಡಕ್ಕೆ ಹೋಯಿತು. ಹಲಗೆ ಕೆಳಗೆ ಒಂದು ಕಾಗದ ಮಡಿಸಿ ಇಟ್ಟರು. ಗುಳ್ಳೆ ಬಲಕ್ಕೆ. ಮಡಿಕೆ ಬಿಚ್ಚಿದರು. ಮತ್ತೆ ಎಡಕ್ಕೆ. ಆಮೇಲೆ ಡೈನಿಂಗ್ ಟೇಬಲ್ ಮೇಲೆಯೇ ಅನುಮಾನ ಬಂತು. ಟೇಬಲ್ ಅಳೆದರು. ಟೇಬಲ್ ಸರಿಯಿತ್ತು. ನೆಲ ಸೊಟ್ಟ! "ಈ ಮನೆ ತಗೊಳ್ಳುವಾಗ ಇನ್‌ಸ್ಪೆಕ್ಷನ್ ಮಾಡಿದವನು ಏನು ನೋಡಿದ?" ಅಂತ ಒಂದು ಹೊಸ ಜಗಳ ಎದ್ದಿತು. ಅಂಟು ಅಷ್ಟೊತ್ತಿಗೆ ಗ್ಲೂ ಗನ್ನಿನ ಮೂತಿಯಿಂದ ಜೇಡನ ಬಲೆ ಥರ ನೂಲು ಬಿಡುತ್ತಾ ಟೇಬಲ್ ಕ್ಲಾತ್, ನನ್ನ ಬಳೆ, ಮಗನ ಕೂದಲು ಎಲ್ಲ ಒಂದು ಮಾಡಿತ್ತು.

"ಒಂದು ಹಿಡಿ ತಂಬಿಟ್ಟು ಕಲಸಿ ಒಂಬತ್ತು ದೀಪ ಒತ್ತಿಬಿಡ್ತಿದ್ದೆನಲ್ಲೋ, ಆಮೇಲೆ ತಿನ್ನಲೂ ಬರ್ತಿತ್ತು" ಅಂದರು ಅತ್ತೆ. "ಅಮ್ಮ, ಸುಮ್ನಿರು" ಅಂದರು ಇವರು, ಗುಳ್ಳೆಯಿಂದ ಕಣ್ಣು ತೆಗೆಯದೆ.

ಶಮಾಶ್ ಎತ್ತರವಾಗಲಿ ಅಂತ ಇನ್ನೂ ಎರಡು ನಟ್ ಹುಡುಕಿ, ಮೂರನ್ನು ಒಂದರ ಮೇಲೊಂದು ಅಂಟಿಸಿದ್ದಾಯಿತು. ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಟೆಸ್ಟ್ ಮಾಡದೆ ಇವರು ಏನನ್ನೂ ಮನೆಯಿಂದ ಹೊರಗೆ ಕಳಿಸಲ್ಲ. ಒಂಬತ್ತೂ ಹಚ್ಚಿದರು. ಚೆನ್ನಾಗೇ ಇತ್ತು, ಸುಳ್ಳು ಯಾಕೆ. ಮೇಣ ಕೆಳಗಿಳಿದಂತೆ ಕಬ್ಬಿಣ ಕಾಯಿತು, ಕಬ್ಬಿಣ ಕಾದಂತೆ ಅಂಟು ಕರಗಿತು. ಶಮಾಶ್ ಮೆಲ್ಲಗೆ ಪಕ್ಕದವನ ಹೆಗಲ ಮೇಲೆ ವಾಲಿ, ಕೊನೆಗೆ ಪೇಪರ್ ನ್ಯಾಪ್ಕಿನ್ ಮೇಲೆ ಬಿತ್ತು. ಒಗ್ಗರಣೆ ಹಾಕಿದಾಗೆಲ್ಲ ಕಿರುಚುವ ಆ ಹೊಗೆ ಯಂತ್ರ ಶುರುಮಾಡಿತು. ಅತ್ತೆ ಅಭ್ಯಾಸಬಲದಿಂದ ಟವೆಲ್ ಹಿಡಿದು ಅದರ ಕೆಳಗೆ ನಿಂತು ಬೀಸಿದರು. ಇವರು ನ್ಯಾಪ್ಕಿನ್ ಮೇಲೆ ನೀರು ಸುರಿದರು. ನೀರು ಬಲಗಡೆಗೆ ಹರಿಯಿತು. "ನೋಡು, ನೆಲ ಸೊಟ್ಟ!"

ಆಮೇಲೆ ಇನ್ನೊಂದು ಸಂಕಟ. ಹನುಕ್ಕಾ ಮೇಣದಬತ್ತಿ ಡಬ್ಬದಲ್ಲಿ 44 ಇರುತ್ತವೆ. ಮೊದಲ ರಾತ್ರಿಗೆ ಶಮಾಶ್ ಸೇರಿ ಎರಡು, ಆಮೇಲೆ ಮೂರು, ಕೊನೆಗೆ ಒಂಬತ್ತು. ಕೂಡಿದರೆ ಸರಿಯಾಗಿ 44. ಟೆಸ್ಟಿಗೆ ಒಂಬತ್ತು ಹೋಗಿ ಈಗ 35 ಉಳಿದಿದ್ದವು. ಲೆಕ್ಕ ಕೆಟ್ಟಿತು ಅಂತ ಇವರು ಕಾರಿನ ಕೀ ಹುಡುಕುತ್ತಿದ್ದಾಗ ಮಗ ಶಾಲೆಯ ಹಾಳೆಯ ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದ: ಕ್ಲಾಸಿನಲ್ಲಿ ಯಾವ ದೀಪವನ್ನೂ ಹಚ್ಚುವುದಿಲ್ಲ, ಕಾಗದದ ಜ್ವಾಲೆ ಅಂಟಿಸಿ ತನ್ನಿ.

ಯಾರೂ ಮಾತಾಡಲಿಲ್ಲ.

ಅವತ್ತು 2025ರ ಡಿಸೆಂಬರ್ 14, ಆ ಸಲದ ಹನುಕ್ಕಾದ ಮೊದಲ ರಾತ್ರಿ. ಇಲ್ಲಿ ಡಿಸೆಂಬರ್‌ನಲ್ಲಿ ನಾಲ್ಕೂವರೆಗೇ ಕತ್ತಲು. ಎದುರುಮನೆ ಕಿಟಕಿಯಲ್ಲಿ ಎರಡು ದೀಪ ಉರಿಯುತ್ತಿದ್ದವು. ಅವುಗಳ ಬೆಳಕಲ್ಲಿ ಓದುವ ಹಾಗಿಲ್ಲ, ಕೆಲಸ ಮಾಡುವ ಹಾಗಿಲ್ಲ, ಸುಮ್ನೆ ನೋಡಬೇಕು ಅಷ್ಟೇ. ಉರಿಯುವ ಮೊದಲ ಅರ್ಧ ಗಂಟೆ ಹೆಂಗಸರು ಮನೆಗೆಲಸ ಮುಟ್ಟದಿರುವ ಪದ್ಧತಿಯೂ ಉಂಟು. ನಮ್ಮೂರಲ್ಲಿ ದೀಪ ಹಚ್ಚಿದ ಮೇಲೆ ಕಸ ಗುಡಿಸಬೇಡ ಅಂತ ಅಮ್ಮ ಅನ್ನುತ್ತಿದ್ದಳು. ಪೊರಕೆ ಬಿಟ್ಟು ಎರಡು ನಿಮಿಷ ಹೊಸ್ತಿಲ ಮೇಲೆ ಕೂತಳೋ ಅಂದರೆ ಅದೂ ಇಲ್ಲ, ಸೀದಾ ಒಲೆಯ ಮುಂದೆ. ನಾನು ಕಿಟಕಿ ಹತ್ತಿರ ಸ್ವಲ್ಪ ಹೊತ್ತು ನಿಂತೆ. "ರೀ, ಅಷ್ಟೆಲ್ಲ ಓದಿದಿರಿ, ಹೆಂಗಸರ ಈ ನಿಯಮ ಕಾಣಲಿಲ್ವಾ?" ಅಂದೆ. ಅಂಟು ಕೆರೆಯುತ್ತಿದ್ದವರಿಗೆ ಕೇಳಿಸಲಿಲ್ಲ.

ರಾತ್ರಿ ಎದುರುಮನೆಯಾಕೆ ಫೋನ್ ಮಾಡಿದಳು. ಮಗನ ದೀಪಾವಳಿ ಪ್ರಾಜೆಕ್ಟಿಗೆ ಮಣ್ಣಿನ ಹಣತೆ ಮಾಡಿದ್ದಾಳಂತೆ, ಇಟ್ಟ ಕಡೆ ನಿಲ್ಲದೆ ಉರುಳುತ್ತವಂತೆ. ನಾನು ಬಾಯಿ ತೆಗೆಯುವ ಮೊದಲೇ ಇವರು ಜಾಕೆಟ್ ಹಾಕಿಕೊಂಡು, ರಸಮಟ್ಟ ಕಂಕುಳಲ್ಲಿ ಇಟ್ಟುಕೊಂಡು ರಸ್ತೆ ದಾಟಿದ್ದರು.