ಕಣ್ಣು ಮುಚ್ಚಿ ಲೋಟ ಎತ್ತಿ ತೋರಿಸಿ

ರೋಬೋಟ್ ಕೈಯ ಹೊಸ ವಿಡಿಯೋ ಬಂದಾಗಲೆಲ್ಲ ಕಾಮೆಂಟುಗಳಲ್ಲಿ ಬೆರಳುಗಳದ್ದೇ ಹೊಗಳಿಕೆ. ಎಷ್ಟು ಕೀಲು, ಎಷ್ಟು ನಯವಾಗಿ ಮಡಚುತ್ತೆ ಅಂತ. ನನ್ನ ಪ್ರಶ್ನೆ ಒಂದೇ: ಹಿಡಿದದ್ದು ಜಾರಿದರೆ ಆ ಕೈಗೆ ಗೊತ್ತಾಗುತ್ತಾ?

ನಮ್ಮ ಕೈಗೆ ಗೊತ್ತಾಗುತ್ತೆ. ಒಂದು ಕೈಯ ಅಂಗೈ ಮತ್ತು ಬೆರಳುಗಳ ಒಳಬದಿಯ ಚರ್ಮದಲ್ಲಿ ಸುಮಾರು 17,000 ಸ್ಪರ್ಶ ನರಗಳಿವೆ. ಸ್ವೀಡನ್ನಿನ ವಿಜ್ಞಾನಿಗಳಾದ ಯೋಹಾನ್ಸನ್ ಮತ್ತು ವೆಸ್ಟ್ಲಿಂಗ್ 1984ರಲ್ಲಿ ಪ್ರಕಟಿಸಿದ ಪ್ರಯೋಗ ತುಂಬಾ ಸರಳ. ಒಂದೇ ವಸ್ತುವಿನ ಮೇಲ್ಮೈ ಬದಲಿಸಿ ಎತ್ತಿಸಿದರು. ಒಮ್ಮೆ ರೇಷ್ಮೆ, ಒಮ್ಮೆ ಮರಳು ಕಾಗದ. ರೇಷ್ಮೆಯಾದರೆ ಹಿಡಿತ ತಾನಾಗಿಯೇ ಬಿಗಿ, ಮರಳು ಕಾಗದವಾದರೆ ಸಡಿಲ. ಎರಡರಲ್ಲೂ ಜಾರದಿರಲು ಬೇಕಾದ್ದಕ್ಕಿಂತ ಸ್ವಲ್ಪವೇ ಜಾಸ್ತಿ ಒತ್ತಡ. ಸ್ವಲ್ಪ ಜಾರಿದರೂ ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಹಿಡಿತ ಬಿಗಿಯಾಗುತ್ತಿತ್ತು. ಬೆರಳು ಮರಗಟ್ಟಿಸಿದಾಗ ಈ ಲೆಕ್ಕವೆಲ್ಲ ತಪ್ಪಿತು.

ಕೈ ಕಳೆದುಕೊಂಡವರು ಹಾಕಿಕೊಳ್ಳುವ, ಸ್ನಾಯುವಿನ ಸಂಕೇತದಿಂದ ನಡೆಯುವ ಹೆಚ್ಚಿನ ಕೃತಕ ಕೈಗಳ ಪಾಡು ಹೀಗೇ, ಮರಗಟ್ಟಿದ ಕೈ ಇದ್ದಂತೆ. ಹಾಕಿಕೊಂಡವರು ಲೋಟವನ್ನು ನೋಡುತ್ತಲೇ ಇರಬೇಕು. ಕಣ್ಣು ಬೇರೆ ಕಡೆ ಹೋದರೆ ಬೀಳುತ್ತೆ ಅನ್ನೋ ಭಯ. ಅದಕ್ಕೇ ಬೇಕಾದ್ದಕ್ಕಿಂತ ಜೋರಾಗಿ ಹಿಡಿಯುತ್ತಾರೆ. ಆಗ ಕಾಗದದ ಲೋಟ ನಜ್ಜುಗುಜ್ಜು.

ಜಾರುವುದು ಒಮ್ಮೆಲೇ ಆಗುವುದಿಲ್ಲ. ಮೆತ್ತನೆಯ ಬೆರಳ ತುದಿ ವಸ್ತುವಿಗೆ ಒತ್ತಿಕೊಂಡಿರುವಾಗ ಮೊದಲು ಅಂಚು ಸರಿಯುತ್ತೆ, ನಡುವಿನ ಭಾಗ ಇನ್ನೂ ಅಂಟಿಕೊಂಡಿರುತ್ತೆ. ಆ ಹೊತ್ತಲ್ಲೇ ಅದನ್ನು ಪತ್ತೆ ಹಚ್ಚಬೇಕು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಜೆಲ್‌ಸೈಟ್ ಸೆನ್ಸರ್‌ನಲ್ಲಿ ಮೆತ್ತನೆಯ ಜೆಲ್ ಹಿಂದೆ ಕ್ಯಾಮೆರಾ ಇದೆ. ಜೆಲ್ ಮೇಲೆ ಚುಕ್ಕೆಗಳನ್ನು ಇಟ್ಟರೆ ಅವು ಸರಿಯುವ ರೀತಿಯಲ್ಲೇ ಅಂಚಿನ ಜಾರುವಿಕೆ ಕಾಣುತ್ತೆ. ಚೆಂದದ ಉಪಾಯ. ಆದರೆ ದಿನವಿಡೀ ಹಾಕಿಕೊಳ್ಳುವ ಕೈಗೆ ಜೆಲ್ ಸವೆಯುತ್ತೆ, ಬ್ಯಾಟರಿ ಖರ್ಚಾಗುತ್ತೆ, ನೀರು ತಾಗುತ್ತೆ. ಮೇಲೆ ಕೃತಕ ಕೈಗೆ ಹೊದಿಸುವ ಗ್ಲೌಸ್ ಬೇರೆ! ಒಳಗೆ ಎಂಥ ಸೆನ್ಸರ್ ಇಟ್ಟರೂ ದಪ್ಪ ಗ್ಲೌಸ್ ಅದರ ಸೂಕ್ಷ್ಮವನ್ನು ನುಂಗಿಬಿಡುತ್ತೆ.

ನರಕ್ಕೇ ಸ್ಪರ್ಶ ಮುಟ್ಟಿಸುವ ಕೆಲಸವೂ ನಡೆದಿದೆ. 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕೈ ಕಳೆದುಕೊಂಡಿದ್ದ ಡೆನ್ಮಾರ್ಕಿನ ಡೆನ್ನಿಸ್ ಆಬೊ ಸೋರೆನ್ಸನ್ ಕಣ್ಣು ಕಟ್ಟಿಕೊಂಡೇ ಕೃತಕ ಕೈಯಿಂದ ವಸ್ತುಗಳ ಆಕಾರ, ಗಡಸುತನ ಗುರುತಿಸಿದರು. ಅದ್ಭುತವೇ. ಆದರೆ ಅದಕ್ಕೆ ನರದೊಳಗೆ ವಿದ್ಯುತ್ ಸಂಕೇತ ಕೊಡುವ ಎಲೆಕ್ಟ್ರೋಡ್ ಇಡಬೇಕು, ಅಂದರೆ ಆಪರೇಷನ್. ಜಾರಿದ ಕೂಡಲೇ ಕೈಯೇ ಬಿಗಿಯಾಗುವುದಕ್ಕೆ ಅದು ಬೇಕಿಲ್ಲ, ಅಲ್ವಾ? ಕೃತಕ ಕೈ ತಯಾರಿಸುವ ಒಟ್ಟೊಬಾಕ್ ಕಂಪನಿಯ ಸೆನ್ಸರ್‌ಹ್ಯಾಂಡ್‌ನಲ್ಲಿ ಈ ಸೌಲಭ್ಯ ಬಂದು ವರ್ಷಗಳೇ ಆದವು. ಇದು ಎಲ್ಲ ಕೃತಕ ಕೈಗಳಲ್ಲೂ ಮೊದಲು ಬರಬೇಕು ಅನ್ನೋದು ನನ್ನ ವಾದ. ಐದು ಬೆರಳನ್ನು ಬೇರೆಬೇರೆ ಕುಣಿಸುವುದು ಆಮೇಲೆ.

ಇದರಲ್ಲೂ ಒಂದು ತೊಡಕಿದೆ. ನೀವು ಲೋಟವನ್ನು ಇನ್ನೊಬ್ಬರಿಗೆ ಕೊಡುತ್ತೀರಿ, ಅವರು ಎಳೆದುಕೊಳ್ಳುತ್ತಾರೆ. ಸೆನ್ಸರ್‌ಗೆ ಅದೂ ಜಾರುವಿಕೆಯೇ. ಕೈ ಇನ್ನೂ ಬಿಗಿಯಾಗುತ್ತೆ. ಹಾಗಾಗಿ ಬಿಡುವ ತೀರ್ಮಾನ ಯಾವಾಗಲೂ ಹಾಕಿಕೊಂಡವರದ್ದೇ ಆಗಿರಬೇಕು. ಅವರ ಸ್ನಾಯು ‘ತೆರೆ’ ಅಂದರೆ ಸೆನ್ಸರ್ ಸುಮ್ನಿರಬೇಕು.