ಸರಿಯಾಗಿ ಸಂಜೆ 6 ಗಂಟೆಗೆ

ಕಳೆದ ಭಾನುವಾರ ಮಂಗಳೂರಿನ ಒಂದು ಸಭಾಂಗಣದಲ್ಲಿ ವಿಜ್ಞಾನದ ಇತಿಹಾಸದ ಬಗ್ಗೆ ಉಪನ್ಯಾಸ. ಆಮಂತ್ರಣ ಪತ್ರಿಕೆಯಲ್ಲಿ ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ಗೌರವ ಉಪಸ್ಥಿತಿ ಅಂತ 11 ಹೆಸರು ದಾಟಿದ ಮೇಲೆ, ಪ್ರಿಂಟಿಂಗ್ ಪ್ರೆಸ್ಸಿನ ಹೆಸರಿಗಿಂತ ತುಸು ಮೇಲೆ, ಉಪನ್ಯಾಸಕಿಯ ಹೆಸರಿತ್ತು. ಮೊದಲು 5 ಗಂಟೆಗೆ ಅಂತ ಇತ್ತಂತೆ. ಭಾನುವಾರ 4:30ರಿಂದ 6ರವರೆಗೆ ರಾಹುಕಾಲ ಅಲ್ವಾ? ವೈಜ್ಞಾನಿಕ ಮನೋಭಾವದ ವಿಷಯ, ಸುಮ್ಮನೆ ರಿಸ್ಕ್ ಯಾಕೆ ಅಂತ 6ಕ್ಕೆ ದೂಡಿದರು.

ಪರೀಕ್ಷೆಗೆ ಒಡ್ಡಿ ಸುಳ್ಳೆಂದು ತೋರಿಸಲು ಬರುವಂಥ ಮಾತು ಮಾತ್ರ ವಿಜ್ಞಾನ ಎಂದವನು ತತ್ವಜ್ಞಾನಿ ಕಾರ್ಲ್ ಪಾಪರ್. ಹಾಗೆ ನೋಡಿದರೆ ಆ ಆಮಂತ್ರಣದಲ್ಲಿದ್ದ ಅಪ್ಪಟ ವೈಜ್ಞಾನಿಕ ವಾಕ್ಯ ಒಂದೇ: ‘ಕಾರ್ಯಕ್ರಮ ಸರಿಯಾಗಿ 6 ಗಂಟೆಗೆ ಆರಂಭವಾಗುವುದು.’ ಅದು ಸುಳ್ಳೆಂದು ಸಾಬೀತಾಗುವಾಗ 6:50. ಸಾಕ್ಷಿಗೆ ನಾವು 40 ಜನ ಇದ್ದೆವು.

ಆಮೇಲೆ ದೀಪ. ಐದು ಬತ್ತಿ, ಐವರು ಗಣ್ಯರು, ತಲೆಯ ಮೇಲೆ ಗಿರಗಿರ ಫ್ಯಾನು. ಮೂರನೆಯ ಬತ್ತಿ ಹತ್ತುವಾಗ ಮೊದಲನೆಯದು ನಂದುತ್ತದೆ. ‘ಫ್ಯಾನ್ ಆಫ್ ಮಾಡಿ ಮಾರಾಯ್ರೆ!’ ಸ್ವಯಂಸೇವಕ ಹುಡುಗ ಸ್ವಿಚ್ ಬೋರ್ಡಿಗೆ ಓಡಿದ. ಒಂದು ಒತ್ತಿದ, ಮೈಕ್ ಹೋಯಿತು. ಇನ್ನೊಂದಕ್ಕೆ ಅರ್ಧ ಸಭೆ ಕತ್ತಲು. ಏಳನೆಯದಕ್ಕೆ ಫ್ಯಾನು ನಿಂತಿತು. ಆ ಸಂಜೆ ನಡೆದ ಪ್ರಯೋಗ ಅದೊಂದೇ, ಮಾಡಿದವನಿಗೆ ಶಾಲು ಹೊದೆಸಲಿಲ್ಲ.

1860ರ ಕ್ರಿಸ್‌ಮಸ್ ಸಮಯದಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೈಕೆಲ್ ಫ್ಯಾರಡೆ ಮಕ್ಕಳಿಗೆ ಒಂದು ಕ್ಯಾಂಡಲ್ ಬಗ್ಗೆಯೇ ಆರು ಉಪನ್ಯಾಸ ಕೊಟ್ಟ. ಮೇಣ ಕರಗಿ ಬತ್ತಿ ಹತ್ತುವುದು ಹೇಗೆ, ಉರಿಯುವ ಬೆಂಕಿಯಿಂದ ನೀರು ಹುಟ್ಟುವುದು ಹೇಗೆ, ಎಲ್ಲ ಅದರಲ್ಲೇ. ನಮ್ಮವರು ಐದು ಬತ್ತಿ ಹಚ್ಚಿ, ‘ಫೋಟೋ ಬಂತಾ?’ ಅಂದರು. ಬರಲಿಲ್ಲ. ನಂದಿಸಿ ಮತ್ತೆ ಹಚ್ಚಿದರು.

ಅದೇ ಸಂಸ್ಥೆಯ ಶುಕ್ರವಾರದ ಉಪನ್ಯಾಸಗಳಿಗೆ ಒಂದು ಸಂಪ್ರದಾಯ ಉಂಟು. ಪರಿಚಯ, ಸ್ವಾಗತ ಏನೂ ಇಲ್ಲ, ಗಡಿಯಾರ ಹೊಡೆದ ಕೂಡಲೇ ಒಳಗೆ ಬಂದು ವಿಷಯ ಶುರು ಮಾಡಬೇಕು, ಒಂದು ಗಂಟೆಗೆ ಮುಗಿಸಬೇಕು. 1846ರಲ್ಲಿ ಅಲ್ಲಿ ಮಾತಾಡಬೇಕಿದ್ದ ವಿಜ್ಞಾನಿ ಚಾರ್ಲ್ಸ್ ವೀಟ್‌ಸ್ಟೋನ್ ಕೊನೇ ಗಳಿಗೆಯಲ್ಲಿ ಹೆದರಿ ಓಡಿಹೋದ ಅಂತ ಒಂದು ಕಥೆ. ಅದಕ್ಕಾಗಿ ಉಪನ್ಯಾಸಕರನ್ನು ಮೊದಲೇ ಕೋಣೆಯಲ್ಲಿ ಕೂಡಿಹಾಕುವ ಪದ್ಧತಿ ಬಂತಂತೆ. ಒಳ್ಳೆಯ ಪದ್ಧತಿ. ನಮ್ಮಲ್ಲಿ ಅಧ್ಯಕ್ಷರನ್ನು ಕೂಡಿಹಾಕಬಹುದು.

ಅಧ್ಯಕ್ಷರು ‘ನಾನು ವಿಜ್ಞಾನದಲ್ಲಿ ಮೊದಲಿಂದಲೂ ಸ್ವಲ್ಪ ವೀಕು’ ಎಂದು ಶುರು ಮಾಡಿ 35 ನಿಮಿಷ ಅದಕ್ಕೆ ಪುರಾವೆ ಒದಗಿಸಿದರು.

ಉಪನ್ಯಾಸಕಿಯ ಕೈಗೆ ಮೈಕ್ ಬರುವಾಗ ಜೊತೆಗೆ ಚೀಟಿಯೂ ಬಂತು: ‘12 ನಿಮಿಷ. ಗೋಳಿಬಜೆ ತಣಿಯುತ್ತದೆ.’ ಆ 12 ನಿಮಿಷ ಚೆನ್ನಾಗಿತ್ತು ಮಾರಾಯ್ರೆ. 1865ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಇಲ್ಲೇ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದನಲ್ಲ, ಅಲ್ಲಿಂದ ಶುರು ಮಾಡಿದರು. ಮಂಗಳೂರು ಹೆಂಚಿನ ವಿದ್ಯೆ ಹಡಗಿನಲ್ಲಿ ಬಂದದ್ದೋ, ನೇತ್ರಾವತಿ ಕರೆಯ ಮಣ್ಣನ್ನು ಬೆರಳಲ್ಲಿ ತಿಕ್ಕಿಯೇ ಅದರ ಗುಣ ಹೇಳುವ ಕುಂಬಾರರದ್ದೋ? ಯಂತ್ರ ತಂದವನ ಹೆಸರು ಉಳಿದು ಮಣ್ಣು ತುಳಿದವರ ಹೆಸರು ಅಳಿದದ್ದು ಯಾಕೆ? ಹಿಂದಿನ ಸಾಲಿನಲ್ಲಿ ಮೊಬೈಲ್ ನೋಡುತ್ತಿದ್ದವರೂ ತಲೆ ಎತ್ತಿದರು. ‘ಹೆಂಚಿನ ಮೇಲಿನ 1865 ನೋಡಿ ಅದು ಆ ವರ್ಷ ಸುಟ್ಟದ್ದು ಅಂದುಕೊಳ್ಳುತ್ತೇವೆ. ಅದು ಕಾರ್ಖಾನೆ ಶುರುವಾದ ಇಸವಿ. ಬೇಕಾದರೆ ಇಲ್ಲಿ...’ ಎಂದು ಮೇಜಿನತ್ತ ಕೈ ಚಾಚಿದರು.

ಹೆಂಚಿಲ್ಲ. ಅಜ್ಜಿ ಮನೆಯ ಬಚ್ಚಲಿನ ಮಾಡಿನಿಂದ ಇಳಿಸಿ, ಪೇಪರಿನಲ್ಲಿ ಸುತ್ತಿ ತಂದಿದ್ದರು. ಯಾರೋ ಅದನ್ನು ಸ್ಮರಣಿಕೆಗಳ ರಾಶಿಗೆ ಸೇರಿಸಿದ್ದರು. ಬೇರೆ ಕಾರ್ಯಕ್ರಮ ಇದೆ ಅಂತ ಬೇಗ ಎದ್ದ ಮುಖ್ಯ ಅತಿಥಿಗಳಿಗೆ ಅದನ್ನೇ ಹಣ್ಣುಹಂಪಲಿನ ಜೊತೆ ಕೊಟ್ಟು ಕಾರು ಹತ್ತಿಸಿಯೂ ಆಗಿತ್ತು.

ವಂದನಾರ್ಪಣೆ ಮುಗಿದ ಮೇಲೆ ಉಪನ್ಯಾಸಕಿ ಸಂಘಟಕರನ್ನು ಹಿಡಿದರು. ಅವರು ಫೋನ್ ಮಾಡಿ, ಎರಡು ಸಲ ತಲೆಯಾಡಿಸಿ, ನಗುತ್ತಾ ಬಂದರು.

‘ಸರ್‌ಗೆ ತುಂಬಾ ಖುಷಿ ಆಯ್ತಂತೆ ಮೇಡಂ, ಇಸವಿ ಎಲ್ಲ ಉಂಟಲ್ಲ. ಶೋಕೇಸಿನಲ್ಲಿ ಇಡ್ತಾರಂತೆ. ನಿಮ್ಮ ಮಾಡಿನಲ್ಲಿ ಇನ್ನೂ ಇರ್ಬಹುದಲ್ವಾ? ಅಧ್ಯಕ್ಷರೂ ಒಂದು ಕೇಳ್ತಿದ್ದಾರೆ.’